ಮದುವೆ ಕ್ಯಾಸೆಟ್ಟಿನ ಊಟದ ಭಾಗ

ಬೂಷ್ಟಿನ ವಾಸನೆ ಎಂದರೆ ನನಗೆ ಮೊದಲಿನಿಂದಲೂ ಹೇಸಿಗೆ. ಅಣ್ಣನ ಮದುವೆಯ ವಿಡಿಯೊ ಕ್ಯಾಸೆಟ್ಟು ಮಾವಳ್ಳಿಯ ನನ್ನ ತವರುಮನೆಯ ಅಟ್ಟದಿಂದ ಇಳಿದಾಗ ಅದರ ಮೈತುಂಬ ಬೂಷ್ಟು. ಅಮ್ಮ ತೀರಿಕೊಂಡು ವರ್ಷವಾಗುತ್ತಿತ್ತು. ವರ್ಷದ ಕಾರ್ಯಕ್ಕೆ ಬಂದವರಿಗೆ ಅಮ್ಮನನ್ನು ಟಿವಿಯಲ್ಲಿ ತೋರಿಸೋಣ ಎಂದು ನಾನೇ ಅದನ್ನು ಉಪ್ಪಾರಪೇಟೆಯ ಒಂದು ಅಂಗಡಿಗೆ ಕೊಟ್ಟು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದೆ. ಯಾರಿಗೆ ಬೇಕಿತ್ತು ಈ ಉಸಾಬರಿ.

ಆ ಮದುವೆಯ ಬಗ್ಗೆ ನಮ್ಮ ಮನೆಯಲ್ಲಿ ಒಂದು ಜಂಬವಿತ್ತು. ನಮ್ಮದು ತರಕಾರಿ ಮಂಡಿಯ ಮನೆ. ಅತ್ತಿಗೆಯ ತವರಿನವರು ದಲಿತರು, ಬುದ್ಧನನ್ನು ನಂಬಿದವರು. ಅವರಪ್ಪ ಸರ್ಕಾರಿ ನೌಕರಿಯಲ್ಲಿದ್ದರು. ಅಣ್ಣ ಮೆಚ್ಚಿ ಮದುವೆಯಾದ. "ನಮ್ಮಮ್ಮ ಒಂದೇ ಒಂದು ಮಾತು ಆಡ್ಲಿಲ್ಲ, ಗೊತ್ತಾ" ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಓಡಾಡಿದವರು ನಾವು. ಕೊನೆಗಾಲದಲ್ಲಿ ಅಮ್ಮ ಹಾಸಿಗೆ ಹಿಡಿದಾಗ ಹೇಲು ಉಚ್ಚೆ ಬಳಿದವರು ಅತ್ತಿಗೆಯೇ.

ಕಾರ್ಯದ ದಿನ ಊಟವಾದ ಮೇಲೆ ಟಿವಿ ಹಾಕಿದೆವು. ಶುರುವಿನಲ್ಲಿ ಎಲ್ಲ ಸರಿಯಿತ್ತು. ಹೋಗ್ತಾ ಹೋಗ್ತಾ ಧ್ವನಿ ಹಿಂದೆ ಬೀಳತೊಡಗಿತು. ಊಟದ ಮನೆಯ ಭಾಗ ಬರುವ ಹೊತ್ತಿಗೆ ಒಬ್ಬರ ಮಾತು ಇನ್ನೊಬ್ಬರ ಬಾಯಲ್ಲಿ. ಜನ ನಗುತ್ತಿದ್ದರು. ಅಷ್ಟರಲ್ಲಿ ಅಮ್ಮನ ಮುಖ ದೊಡ್ಡದಾಗಿ ಬಂತು, ಬಾಯಿ ಆಡುತ್ತಿತ್ತು, ಆ ಬಾಯಿಂದ ಸ್ಪಷ್ಟವಾಗಿ ಕೇಳಿಸಿತು: "ಅವ್ರ ಕಡೆಯವ್ರು ಕುಡಿದ ಲೋಟ ಬೇರೆ ಇಡು. ನಮ್ಮವುಗಳ ಜೊತೆ ಸೇರಿಸ್ಬೇಡ."

ಅಣ್ಣ ರಿಮೋಟ್ ಹುಡುಕಿದ. ಅತ್ತಿಗೆ ಎದ್ದು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ನಾನು ಹಿಂದೆಯೇ ಹೋದೆ.

"ಅತ್ತಿಗೆ, ಅದು ಅಮ್ಮ ಅಲ್ಲ. ಧ್ವನಿ ಆಚೀಚೆ ಆಗಿದೆ."

"ಹಾಗಾದ್ರೆ ಯಾರ್ದು ಅಂತ ನೋಡಿ ಹೇಳು," ಎಂದರು. "ನಂಗೆ ಗೊತ್ತಾಗ್ಬೇಕು."

ಧ್ವನಿ ಕೇಳಿ ಗುರುತಿಸುವಂತಿರಲಿಲ್ಲ. ಅಮ್ಮ, ಊಟದ ಮನೆಯಲ್ಲಿ ಅವಳ ಪಕ್ಕದಲ್ಲೇ ಇದ್ದ ಅವಳ ತಂಗಿ ನಮ್ಮ ಚಿಕ್ಕಮ್ಮ, ಇಬ್ಬರದೂ ಒಂದೇ ಗಂಟಲು. ಫೋನಿನಲ್ಲಿ ನಾನೇ ಎಷ್ಟೋ ಸಲ ಮೋಸ ಹೋಗಿದ್ದೇನೆ.

ಮಾರನೆಯ ದಿನ ಅಂಗಡಿಯವನ ಮುಂದೆ ನಿಂತೆ. "ಹಳೇ ಟೇಪ್ ಅಲ್ವಾ ಮೇಡಂ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ," ಎಂದ. "ಬೇಕಿದ್ರೆ ಊಟದ್ ಸೀನ್ ಮೇಲೆ ಒಂದು ಸಿನಿಮಾ ಹಾಡು ಹಾಕ್ಕೊಡ್ತೀನಿ. ಎಲ್ಲಾ ಮುಚ್ಚೋಗುತ್ತೆ." ಥೂ, ಇವನ ಕಸುಬಿಗಿಷ್ಟು. ಅದಕ್ಕಿಂತ ಅಸಹ್ಯವಾದದ್ದು, ಇದನ್ನು ಹೇಳಿದಾಗ ಅಣ್ಣ ಫೋನಿನಲ್ಲಿ ಅಂದದ್ದು: "ಒಳ್ಳೇ ಐಡಿಯಾ ಕಣೆ. ಹಾಡು ಹಾಕ್ಸಿಬಿಡು, ಸುಮ್ನೆ ಯಾಕೆ ಕೆದಕ್ತೀಯ." ಹೆಂಡತಿ ಮೂರು ಹೊತ್ತು ಬೇಯಿಸಿ ಹಾಕುತ್ತಾಳೆ, ಇವನಿಗೆ ಹಾಡು ಬೇಕಂತೆ.

ತ್ಯಾಗರಾಜನಗರದ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ನಾನೇ ಕೂತೆ. ಗಟ್ಟಿಮೇಳದಿಂದ ಶುರುಮಾಡಿದೆ. ತಾಳಿ ಕಟ್ಟುವಾಗ ಪುರೋಹಿತರು ಕೈ ಎತ್ತುತ್ತಾರೆ, ಡೋಲಿನ ಮೇಲೆ ಕೋಲು ಬೀಳುತ್ತದೆ. ಕೋಲು ಬೀಳುವುದಕ್ಕೆ ಸದ್ದನ್ನು ಹೊಂದಿಸಿದೆ. ಅಲ್ಲಿ ಸರಿಹೋಯಿತು, ಊಟದ ಮನೆಯಲ್ಲಿ ಮತ್ತೆ ಅದೇ ರಾಮಾಯಣ. ಆಮೇಲೆ ಹೊಳೆಯಿತು: ಟೇಪು ಕೊಳೆತ ಕಡೆಗಳಲ್ಲೆಲ್ಲ ಚಿತ್ರದ ಚೂರುಗಳು ಬಿಟ್ಟುಹೋಗಿವೆ, ಧ್ವನಿ ಮಾತ್ರ ಪೂರ್ತಿ ಉಳಿದಿದೆ. ಒಂದು ಕಡೆ ಹೊಂದಿಸಿದರೆ ಸಾಲದು, ಪ್ರತಿ ಭಾಗಕ್ಕೂ ಬೇರೆ ಗುರುತು ಬೇಕು.

ಊಟದ ಮನೆಯಲ್ಲಿ ಬಡಿಸುವವನು ಸಿಕ್ಕಿದ. ಪಂಕ್ತಿಯ ಕೊನೆಗೆ ಬಂದು ಸೌಟನ್ನು ಹುಳಿ ಬಕೆಟ್ಟಿನ ಅಂಚಿಗೆ ಟಣ್ ಎಂದು ಕುಟ್ಟುತ್ತಾನೆ. ಆ ಟಣ್ ಅನ್ನು ಆ ಸೌಟಿಗೆ ಎಳೆದು ತಂದು ಕೂರಿಸಿದೆ. ಹಾಳು ಟೇಪಿನ ಗೊರಗೊರ, ಎಂಜಲೆಲೆಗಳು, ಬೆವರಿದ ಮುಖಗಳು. ಆದರೂ ಬಿಡಲಿಲ್ಲ. ಅಮ್ಮನ ಬಾಯಿಂದ ಆ ಮಾತನ್ನು ಕಿತ್ತು ತೆಗೆಯಬೇಕಿತ್ತು.

ತೆಗೆದೆ. ಮಾತು ಚಿಕ್ಕಮ್ಮನ ಬಾಯಿಗೆ ಹೋಗಿ ಸರಿಯಾಗಿ ಕೂತಿತು. ಅಮ್ಮನ ಕಡೆ ಬಾಗಿ ಹೇಳುತ್ತಾರೆ, ತುಟಿಗೆ ತುಟಿ ಹೊಂದುತ್ತದೆ. ಈಗಲೂ ವಾರಕ್ಕೊಮ್ಮೆ ಮಾವಳ್ಳಿಗೆ ಬಂದು "ಇನ್ನರ್ಧ ಲೋಟ ಕೊಡಮ್ಮ" ಎಂದು ಅತ್ತಿಗೆ ಕೈಯ ಕಾಫಿ ಕೇಳಿ ಕುಡಿಯುವ ಅದೇ ಚಿಕ್ಕಮ್ಮ. ಅಮ್ಮನ ಬಾಯಿ ಆಡುತ್ತಿದ್ದದ್ದು ಎಲೆ ಅಡಿಕೆ ಜಗಿಯುವುದಕ್ಕೆ, ಅಷ್ಟೇ. ಗೆದ್ದೆ ಅನ್ನಿಸಿ ಲ್ಯಾಪ್‌ಟಾಪ್ ಹಿಡಿದುಕೊಂಡು ನೇರ ಮಾವಳ್ಳಿಗೆ ಹೋದೆ.

ಅತ್ತಿಗೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ನೋಡಿದರು. ತೆರೆಯ ಮೇಲೆ ಚಿಕ್ಕಮ್ಮ ಆ ಮಾತು ಹೇಳಿದರು. ಬಡಿಸುವವನು ದಾಟಿ ಹೋದ. ಆಗ ನನ್ನ ಕಣ್ಣೂ ಮೊದಲ ಸಲ ಅಮ್ಮನ ಬಾಯಿಂದ ಕೆಳಗೆ, ಕೈಗಳ ಕಡೆಗೆ ಇಳಿಯಿತು. ಎರಡೂ ಕಡೆಯ ಹಿರಿಯರಿಗೆಂದು ಮನೆಯಿಂದ ತಂದ ಬೆಳ್ಳಿ ಲೋಟಗಳನ್ನು ಅಮ್ಮ ಒಂದೊಂದಾಗಿ ಎತ್ತಿ ಬುಟ್ಟಿಗೆ ಹಾಕುತ್ತಿದ್ದಳು. ಅತ್ತಿಗೆಯ ಅಪ್ಪ ಅಮ್ಮನ ಎಲೆಯ ಮುಂದಿದ್ದ ಎರಡನ್ನು ಮಾತ್ರ ಸೆರಗಿನ ತುದಿಯಲ್ಲಿ ಹಿಡಿದು, ಬುಟ್ಟಿಯ ಆಚೆ ನೆಲದ ಮೇಲಿಟ್ಟಳು. ಜಗಿಯುತ್ತಲೇ ಇದ್ದಳು. ಒಂದೇ ಒಂದು ಮಾತು ಆಡಲಿಲ್ಲ.

"ಅತ್ತಿಗೆ," ಎಂದೆ. ಮೈಯೆಲ್ಲ ಹೇಸಿಗೆ ಬಳಿದ ಹಾಗಾಗಿತ್ತು.

ಅವರು ಒಳಗೆ ಹೋಗಿ ಹಳೆ ಬಟ್ಟೆಯ ಒಂದು ಗಂಟು ತಂದು ಬಿಚ್ಚಿದರು. ಕಪ್ಪಗಾದ ಎರಡು ಬೆಳ್ಳಿ ಲೋಟ.

"ಅತ್ತೆ ಟ್ರಂಕಿನ ತಳದಲ್ಲಿ ಬೇರೇನೇ ಕಟ್ಟಿಟ್ಟಿದ್ರು," ಎಂದರು. "ಮದುವೇಲಿ ನಮ್ಮಪ್ಪ ಅಮ್ಮ ಕುಡಿದಿದ್ದು ಅಂತ ಅವ್ರೇ ಹೇಳಿದ್ರು. ಅದಕ್ಕೇ ಜೋಪಾನ ಮಾಡಿದಾರೆ ಅನ್ಕೊಂಡಿದ್ದೆ."