ಸೇಬಿನ ಪೆಟ್ಟಿಗೆಯ ಹಲಗೆ

ಚಾಮರಾಜಪೇಟೆ ಮುಗಿದು ಕೆರೆ ಶುರುವಾಗುವ ಕಡೆ ಒಂದು ಸಾಲುಮನೆ. ಅಲ್ಲಿ ನಾವು ಬಹಳ ವರ್ಷ ಬಾಡಿಗೆಗಿದ್ದೆವು. ಎಲ್ಲ ಮನೆಗಳ ಮುಖವೂ ಕೆರೆಗೆ. ಕಂಬ, ಕಟಕಟೆ, ಸೂರಿನಂಚಿನ ಜಾಲರಿ ಎಲ್ಲವೂ ಮರದ್ದು. ಕೆರೆ ತುಂಬಿದರೆ ನೀರು ನುಗ್ಗದಿರಲೆಂದು ಹಿಂದಿನವರು ಮನೆಗಳನ್ನು ಎತ್ತರಕ್ಕೆ ಕಟ್ಟಿದ್ದರು. ರಸ್ತೆಯಿಂದ ಪ್ರತಿ ಮನೆಗೂ ಕಡಿದಾದ ಕಲ್ಲಿನ ಮೆಟ್ಟಿಲು. ವರಾಂಡ ಮಾತ್ರ ಈ ತುದಿಯಿಂದ ಆ ತುದಿಗೆ ಒಂದೇ. ಮನೆ ಮನೆಯ ನಡುವೆ ಒಂದು ಜಾಲರಿ ಬಾಗಿಲು. ಗೌರಿ ಹಬ್ಬದ ದಿನ ಹೆಂಗಸರು ಬಾಗಿನದ ಮೊರ ಹಿಡಿದು ರಸ್ತೆಗಿಳಿಯದೆಯೇ ಎಲ್ಲರ ಮನೆಗೂ ಹೋಗಿಬರುತ್ತಿದ್ದರು.

ತೊಂಬತ್ತರ ದಶಕದ ಮೊದಲಲ್ಲಿ, ನಮ್ಮ ಪಕ್ಕದ, ಸಾಲಿನ ಕೊನೆಯ ಮನೆಯ ಯಜಮಾನರಿಗೂ ನನಗೂ ನಲ್ಲಿ ನೀರಿನ ವಿಷಯಕ್ಕೆ ಜಗಳವಾಯಿತು. ಅವರು ಮೋಟಾರು ಹಾಕಿ ನೀರೆಳೆದಿದ್ದರು. ಕೇಳಿದರೆ, "ಬೇಗ ಏಳೋದು ಕಲೀರಿ" ಎಂದರು. ಸುತ್ತ ನಿಂತವರು ನಕ್ಕರು. ನಾನು ಒಂದು ಸೇಬಿನ ಪೆಟ್ಟಿಗೆ ಒಡೆದು ಅದರ ಹಲಗೆಗಳನ್ನು ನಮ್ಮಿಬ್ಬರ ಮನೆಯ ನಡುವಿನ ಬಾಗಿಲಿಗೆ ಅಡ್ಡಡ್ಡ ಹೊಡೆದೆ. ಹಲಗೆಯ ಮೇಲೆ ಅಚ್ಚಾಗಿದ್ದ ಸೇಬಿನ ಚಿತ್ರ ನಮಗೆ ಕಾಣಬಾರದೆಂದು ಅದನ್ನು ಅವರ ಕಡೆಗೆ ತಿರುಗಿಸಿದೆ.

"ಸಿಟ್ಟು ಅವರ ಮೇಲೆ ತಾನೇ? ಬಾಗಿಲು ಏನು ಮಾಡ್ತೋ ನಿಂಗೆ?" ಎಂದರು ಅಮ್ಮ.

ಆ ಯಜಮಾನರ ಹೆಂಡತಿ ಅಮ್ಮನ ಗೆಳತಿ. ಅವರು ಮದುವೆಯಾಗಿ ಬಂದಾಗಿನಿಂದ ನಾನು ಅಕ್ಕ ಎಂದು ಕರೆಯುತ್ತಿದ್ದೆ. ಆ ವರ್ಷ ಗೌರಿ ಹಬ್ಬಕ್ಕೆ ಅಮ್ಮ ಮೊರ ಹಿಡಿದು ನಮ್ಮ ಮೆಟ್ಟಿಲಿಳಿದು, ರಸ್ತೆಯಲ್ಲಿ ನಡೆದು, ಅಕ್ಕನ ಮನೆಯ ಮೆಟ್ಟಿಲು ಹತ್ತತೊಡಗಿದರು. ಅವರಿಗೆ ಮೊದಲೇ ಮಂಡಿ ನೋವು. ನಡುವೆ ಕುಳಿತರು. ಸ್ವಲ್ಪ ಹೊತ್ತು ಕೆರೆ ನೋಡಿದರು. ಮೇಲೆ ಹತ್ತದೆ ಹಾಗೇ ವಾಪಸ್ಸು ಬಂದರು. ನಾನು ವರಾಂಡದಲ್ಲಿ ನಿಂತು ಇದೆಲ್ಲವನ್ನೂ ನೋಡಿದೆ. ಇಳಿದು ಹೋಗಿ ಕೈ ಹಿಡಿಯಲಿಲ್ಲ, ಹಲಗೆಯನ್ನೂ ಕೀಳಲಿಲ್ಲ. ಆಮೇಲೆ ಅಮ್ಮ ಆ ಮನೆಗೆ ಹೋಗಲೇ ಇಲ್ಲ. ಜಾಲರಿಯ ಸಂದಿಯಲ್ಲಿ ಇಬ್ಬರೂ ಕುಂಕುಮ ಕೊಟ್ಟುಕೊಳ್ಳುತ್ತಿದ್ದರು. ಮೊರ ಆ ಸಂದಿಯಲ್ಲಿ ತೂರುವುದಿಲ್ಲ.

ಅಮ್ಮ ಹೋದ ಮೇಲೆ ನಾವು ಶ್ರೀರಾಂಪುರಕ್ಕೆ ಬಂದೆವು. ಎಷ್ಟೋ ವರ್ಷಗಳ ನಂತರ, ಆ ಸಾಲನ್ನು ಕೆಡವದೆ ಹಳೆಯ ಕಾಲದ ಬೀದಿಯೆಂದು ಉಳಿಸಿದ್ದಾರೆ, ಭಾನುವಾರ ಜನರನ್ನು ಕರೆದುಕೊಂಡು ಹೋಗಿ ತೋರಿಸುತ್ತಾರೆ ಎಂದು ಕೇಳಿದೆ. ರಿಪೇರಿಯಲ್ಲಿ ಆ ಹಲಗೆಗಳು ಹೋಗಿರಬಹುದು. ಹೋಗಿದ್ದರೆ ಒಮ್ಮೆ ಕಣ್ಣಾರೆ ನೋಡಿ ಬರಬೇಕು ಎನಿಸಿತು. ಅದಕ್ಕೇ ಹೋದೆ.

ಹಲಗೆಗಳು ಹೋಗಿರಲಿಲ್ಲ. ಅವಕ್ಕೂ ಪಾಲಿಷ್ ಹಾಕಿದ್ದರು.

"ಇದನ್ನ ನೋಡಿ," ಎಂದಳು ನಮ್ಮನ್ನು ಕರೆದೊಯ್ದ ಹುಡುಗಿ. "ನೂರು ವರ್ಷದ ಹಿಂದೆ ಪ್ಲೇಗ್ ಬಂದಾಗ ರೋಗ ಆ ಕಡೆಯಿಂದ ಬರಬಾರ್ದು ಅಂತ ಹೊಡೆದಿದ್ದು. ಒಂದು ಮೊಳೆನೂ ಮುಟ್ಟಿಲ್ಲ, ಹಂಗೇ ಇಟ್ಟಿದೀವಿ."

ಜನ ಫೋಟೋ ತೆಗೆದರು.

"ಅದು ನಾನು ಹೊಡೆದದ್ದಮ್ಮ," ಎಂದೆ.

"ಅಯ್ಯೋ ತಾತ, ನಿಮಗೆ ಅಷ್ಟೊಂದು ವಯಸ್ಸಾ?"

ಎಲ್ಲರೂ ನಕ್ಕರು. ಆಗ ಹಲಗೆಯ ಆಚೆಯಿಂದ ಒಂದು ದನಿ ಬಂತು.

"ಅವನೇ ಕಣಮ್ಮಾ ಹೊಡೆದಿದ್ದು. ನಾನು ಈ ಕಡೆ ನಿಂತಿದ್ದೆ. ಇಷ್ಟು ವರ್ಷ ದಿನಾ ಬೆಳಿಗ್ಗೆ ಎದ್ದು ಇವನ ಸೇಬು ನೋಡಿದೀನಿ."

ಅಕ್ಕ ಇನ್ನೂ ಅಲ್ಲೇ ಇದ್ದರು. ಯಜಮಾನರು ತೀರಿಕೊಂಡಿದ್ದರೂ, ಬದುಕಿರುವವರೆಗೆ ಇರಿ ಎಂದು ಸಾಲನ್ನು ಉಳಿಸಿದವರು ಅವರನ್ನು ಅಲ್ಲೇ ಬಿಟ್ಟಿದ್ದರಂತೆ. ನಾನು ಹಲಗೆಯ ಹತ್ತಿರ ಹೋದೆ.

"ಅಕ್ಕಾ, ತಪ್ಪಾಯ್ತು. ಕಿತ್ತುಹಾಕ್ತೀನಿ."

"ಸರ್, ಏನೂ ಮುಟ್ಟೋ ಹಾಗಿಲ್ಲ," ಎಂದಳು ಹುಡುಗಿ. ಅವಳ ಮುಖದಲ್ಲಿ ಈಗ ನಗು ಇರಲಿಲ್ಲ.

"ಕೀಳ್ಬೇಡ ಬಿಡೋ," ಎಂದರು ಅಕ್ಕ. "ಈಗ ಕಿತ್ತರೆ ಯಾರು ಬರ್ಬೇಕು ಆ ಕಡೆಯಿಂದ? ನನ್ನ ನೋಡ್ಬೇಕು ಅಂತಿದ್ರೆ ಸುತ್ತಿಕೊಂಡು ಬಾ. ನಿಮ್ಮಮ್ಮ ಬಂದ ಹಾಗೆ."

ಮೆಟ್ಟಿಲಿಳಿದೆ. ರಸ್ತೆ ನಾಲ್ಕು ಹೆಜ್ಜೆಯೂ ಇಲ್ಲ. ಅಕ್ಕನ ಮೆಟ್ಟಿಲಿಗೆ ಹಿಡಿಕೆಯಿಲ್ಲ, ಗೋಡೆ ಹಿಡಿದು ಹತ್ತಬೇಕು. ನನಗೂ ಈಗ ಮಂಡಿ ನೋವು. ನಡುವೆ ಕುಳಿತುಬಿಟ್ಟೆ. ಮುಂದೆ ಕೆರೆ, ಈಗ ನೀರಿಗಿಂತ ಜೊಂಡೇ ಹೆಚ್ಚು. ಪಕ್ಕದ ವರಾಂಡದಲ್ಲಿ ಬಂದವರೆಲ್ಲ ಕಟಕಟೆ ಹಿಡಿದು ನನ್ನನ್ನೇ ನೋಡುತ್ತಿದ್ದರು. ಅವತ್ತು ನಾನು ನಿಂತು ನೋಡಿದ್ದು ಅಲ್ಲಿಂದಲೇ.

"ಕೂತ್ಕೊಂಡ್ಯಾ?" ಎಂದರು ಅಕ್ಕ, ಮೇಲಿನಿಂದ.

"ಹೂಂ."

ಅವರೂ ಕಂಬ ಹಿಡಿದು ಒಂದು ಮೆಟ್ಟಿಲು ಇಳಿದರು. ಅದಕ್ಕಿಂತ ಕೆಳಗೆ ಬರಲು ಅವರಿಂದ ಆಗಲಿಲ್ಲ. ಉಳಿದದ್ದನ್ನು ನಾನು ಕೈಯೂರಿ ಹತ್ತಿದೆ.