ಗೋಡೆಯ ಮೇಲಿಂದ ಹೇಳಿದ ಮಾತು

ಚೊಚ್ಚಲ ಹೆರಿಗೆಗೆಂದು ಮಗಳು ಲಿಂಗಸುಗೂರಿನಿಂದ ಸಿಂಧನೂರಿನ ನಮ್ಮ ಮನೆಗೆ ಬಂದಿಳಿದಾಗ ಮೊದಲು ವಿಚಾರಿಸಿದ್ದು ಬೆಕ್ಕನ್ನು, ಆಮೇಲೆ ನನ್ನನ್ನು. ಇದೊಂದನ್ನು ನಾನು ಅವಮಾನವೆಂದು ಬಗೆಯಲಿಲ್ಲ. ಬೆಕ್ಕು ಅವಳದೇ. ಕಾಲೇಜಿನ ದಿನಗಳಲ್ಲಿ ಮಸ್ಕಿಯ ನನ್ನ ತವರಿನಿಂದ ಅಂಗೈಯಗಲದ ಮರಿಯನ್ನು ಕೈಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದಿದ್ದಳು. ಮದುವೆಯಾಗಿ ಹೋಗುವ ದಿನ ನನ್ನ ಕೈ ಹಿಡಿದು, "ಅವ್ವಾ, ಇದನ್ನ ಛಲೋ ನೋಡ್ಕೋ" ಎಂದಳು. ನಾನು ಹೂಂ ಎಂದೆ.

ಲಿಂಗ ಕಟ್ಟಿಕೊಂಡವರ ಮನೆಯ ಬೆಕ್ಕಾದರೂ ಅದಕ್ಕೆ ಆ ಪರಿವೆ ಇರಲಿಲ್ಲ. ಬಂಗಾಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನಿಂದ ಸೈಕಲ್ಲಿನ ಮೇಲೆ ಮೀನು ಮಾರಲು ಬರುವವನ ಬೆನ್ನು ಹತ್ತಿ ಬೀದಿಯ ತುದಿಯವರೆಗೆ ಹೋಗುತ್ತಿತ್ತು. ಹಿಂದಿರುಗಿ ಬಂದು, ಏನೂ ಅರಿಯದಂತೆ ನನ್ನ ಪೂಜೆಯ ಮಣೆಯ ಪಕ್ಕದಲ್ಲಿ ಕುಳಿತು ಮೈ ನೆಕ್ಕಿಕೊಳ್ಳುತ್ತಿತ್ತು. ಎಷ್ಟು ಬೈದರೂ ನನ್ನ ಮೇಲೆ ಸಿಟ್ಟು ಇಟ್ಟುಕೊಳ್ಳದ ಜೀವ ನಮ್ಮ ಮನೆಯಲ್ಲಿ ಅದೊಂದೇ.

ಮಗಳಿಗೆ ಹೆಣ್ಣು ಕೂಸು ಹುಟ್ಟಿತು. ಬಾಣಂತಿಯ ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಗೆ ಇಟ್ಟ ದಿನವೇ ಬೆಕ್ಕು ಅದರ ಪಕ್ಕದಲ್ಲಿ ಠಿಕಾಣಿ ಹೂಡಿತು. ಮೂರು ಬಾರಿ ಎತ್ತಿ ಹೊರಗೆ ಹಾಕಿದೆ. ನಾಲ್ಕನೆಯ ಬಾರಿ ಅದರ ಗುರುಗುರು ಸದ್ದಿಗೆ ಕೂಸು ಅಳು ನಿಲ್ಲಿಸಿ ಕಣ್ಣರಳಿಸಿದ್ದನ್ನು ಕಂಡು ಸುಮ್ಮನಾದೆ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳನ್ನು ಸುಮ್ಮನಿರಿಸಿದ ನನ್ನ ಕೈಯಲ್ಲಾಗದ ಕೆಲಸ ಅದಕ್ಕೆ ಸಲೀಸಾಗಿತ್ತು.

ನಮ್ಮ ಮನೆಗೂ ಮೈದುನನ ಮನೆಗೂ ನಡುವೆ, ಹಿತ್ತಿಲಲ್ಲಿ, ಎದೆಮಟ್ಟದ ಗೋಡೆಯೊಂದಿದೆ. ಅಣ್ಣತಮ್ಮಂದಿರು ಪಾಲಾದ ವರ್ಷ ಎದ್ದದ್ದು. ಅದರಾಚೆ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ. ತನ್ನ ಮಗನ ಮದುವೆಯಲ್ಲಿ, ಮನೆಯ ಹಿರಿಸೊಸೆಯಾದ ನನ್ನನ್ನು ಆಕೆ ಎರಡನೆಯ ಪಂಕ್ತಿಗೆ ಕೂರಿಸಿದಳು. ನಾನು ಸೇವೆಯಿಂದ ನಿವೃತ್ತಳಾದ ದಿನ ಪಕ್ಕದಲ್ಲಿದ್ದೂ ಬರಲಿಲ್ಲ. ಮೂರನೆಯ ದಿನ ಸಾಸಿವೆ ಕೇಳಲು ಬಂದವಳು, "ಹೌದಲ್ರಿ ಯಕ್ಕಾರ, ನಿಮ್ಮ ಸಾಲಿ ಮುಗೀತಂತಲ್ಲ" ಎಂದಳು. ಇವನ್ನೆಲ್ಲ ನಾನು ನುಂಗಿಕೊಂಡಿದ್ದೆ. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಆಡಿದ ಮಾತನ್ನು ಮಾತ್ರ ನುಂಗಲಾಗಲಿಲ್ಲ.

ಲಿಂಗಸುಗೂರಿನಿಂದ ಬೀಗರು ಬಂದಿದ್ದರು. ನಡುಮನೆಯ ತುಂಬ ಹೆಂಗಸರು. ತೊಟ್ಟಿಲ ಕೆಳಗೆ ಬೆಕ್ಕು ನುಸುಳಿದ್ದೇ ತಡ, ನೆಗೆಣ್ಣಿ ಎಲ್ಲರಿಗೂ ಕೇಳುವಂತೆ, "ಕೂಸಿಗೆ ತೊಟ್ಲಾತು, ಬೆಕ್ಕಿಗೂ ಒಂದು ಜೋಲಿ ಕಟ್ರಿ ಯಕ್ಕಾರ. ಬಾಣಂತನ ಮಾಡಾಕತ್ತಿದ್ದು ಅದss ಐತಲ್ಲ!" ಎಂದಳು. ಬೀಗಿತಿ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಳು. ಹಗಲಿರುಳು ಕೂಸಿಗೆ ಎರೆದು, ಲೋಬಾನದ ಹೊಗೆ ಹಾಕಿ, ಬಾಣಂತಿಗೆ ಖಾರ ಕುಟ್ಟಿದವಳು ನಾನು. ನಗೆ ಮುಗಿಯುವವರೆಗೆ ತೊಟ್ಟಿಲ ಹಗ್ಗ ಹಿಡಿದು ನಿಂತಿದ್ದೆ. ಮರುದಿನದಿಂದ ಗೋಡೆಯ ಮೇಲಿಂದ ಆಕೆ ಆಡುವ ಯಾವ ಮಾತಿಗೂ ಉತ್ತರಿಸಬಾರದೆಂದು ತೀರ್ಮಾನಿಸಿದೆ. ಮಾತಾಡಬೇಕಿದ್ದರೆ ಮುಂದಿನ ಬಾಗಿಲಿಗೆ ಬರಲಿ.

ಕೂಸಿಗೆ ನಾಲ್ಕನೆಯ ತಿಂಗಳು. ವಳಕಮದಿನ್ನಿಯ ಗದ್ದೆಯಿಂದ ಮೈದುನನ ಮನೆಗೆ ಭತ್ತದ ಚೀಲಗಳು ಬಂದು ಪಡಸಾಲೆಯಲ್ಲಿ ಒಟ್ಟಿದ್ದವು. ಇಲಿಗಳ ಕಾಟ ಎರಡೂ ಮನೆಗೆ. ಒಂದು ಬೆಳಿಗ್ಗೆ ಹಿತ್ತಿಲ ಬಚ್ಚಲಲ್ಲಿ ಕಾಲು ಚಾಚಿ ಕುಳಿತು, ಮೊಳಕಾಲಿನ ಮೇಲೆ ಕೂಸನ್ನು ಮಲಗಿಸಿಕೊಂಡು ನೀರೆರೆಯುತ್ತಿದ್ದೆ. ಮಗಳು ಕೋಣೆಯಲ್ಲಿ ಕಿವಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದಳು. ಗೋಡೆಯಾಚೆಯಿಂದ ನೆಗೆಣ್ಣಿಯ ದನಿ ಬಂತು.

"ಯಕ್ಕಾರ, ನೆಲ್ಲಿನ ಚೀಲದ ಸಂದ್ಯಾಗ ಇಲಿ ಔಷಧ ಇಟ್ಟೀವ್ರಿ. ನಾಕ್ ದಿನ ಬೆಕ್ಕಿನ್ನ ಒಳಗ ಹಾಕ್ಕೋರಿ."

ನಾನು ಚೊಂಬಿನಿಂದ ನೀರು ಹೊಯ್ದೆ.

"ಯಕ್ಕಾರ, ಕೇಳಿಸ್ತನ್ರಿ?"

ನಾನು ಕೂಸಿನ ಮುಖ ನೋಡುತ್ತ, ಗೋಡೆಗೆ ತಾಕುವಷ್ಟು ಗಟ್ಟಿಯಾಗಿ ಹೇಳಿದೆ: "ನಮ್ಮ ಮನಿಗೆ ಮುಂದಿನ ಬಾಗಲಾ ಐತಿ, ಹೌದಿಲ್ಲೋ ನನ್ನವ್ವ? ಮಾತಾಡೋ ಮಂದಿ ಬಾಗಲಕ್ಕ ಬರ್ತಾರ."

ಆಕೆ ಬಾಗಿಲಿಗೆ ಬರಲಿಲ್ಲ. ಕೂಸಿನ ಮೈ ಒರೆಸಿ ಮಲಗಿಸಿದ ಮೇಲೆ ಬೆಕ್ಕನ್ನು ಅಟ್ಟದ ಕೋಣೆಗೆ ಹಾಕಬೇಕೆಂದುಕೊಂಡೆ. ಹಾಕಿದರೆ ಅದು ಕೂಗುತ್ತದೆ. ಕೂಗಿದರೆ ಗೋಡೆಯಾಚೆ ಕೇಳಿಸುತ್ತದೆ. ನಾನು ಅವಳ ಮಾತಿನಂತೆ ನಡೆದೆನೆಂದು ಅವಳಿಗೆ ತಿಳಿಯುತ್ತದೆ. ಇಷ್ಟು ಯೋಚಿಸಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಸಂಜೆ ನೋಡೋಣವೆಂದು ಬಿಟ್ಟೆ. ಸಂಜೆಯೂ ಬಿಟ್ಟೆ.

ಮೂರನೆಯ ದಿನ ಮಧ್ಯಾಹ್ನ ಅದು ಒಗೆಯುವ ಕಲ್ಲಿನ ಪಕ್ಕ ಬಿದ್ದಿತ್ತು. ಬಾಯಲ್ಲಿ ನೊರೆ. ಮಗಳು ಹಾಲು ಕುಡಿಸುತ್ತಿದ್ದ ಕೂಸನ್ನು ನನ್ನ ಕೈಗಿಟ್ಟು ಓಡಿದಳು. ದನದ ಡಾಕ್ಟರಿಗೆ ಫೋನು ಹಚ್ಚುವಷ್ಟರಲ್ಲಿ ಬೆಕ್ಕು ಅವಳ ತೊಡೆಯ ಮೇಲೆಯೇ ತಣ್ಣಗಾಯಿತು.

"ಯಾರವ್ವ ಔಷಧ ಇಟ್ಟವರು?" ಎಂದಳು.

"ನಿಮ್ಮ ಚಿಗವ್ವನ ಮನ್ಯಾಗ ಇಲಿಗೆ ಇಟ್ಟಾರ" ಎಂದೆ. ನಾನು ಹೇಳಿದ್ದು ಸುಳ್ಳಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದೆ.

ಮಗಳು ಗೋಡೆಯ ಹತ್ತಿರ ಹೋಗಿ ಕೂಗಿದಳು: "ಒಂದು ಮಾತು ಹೇಳಬಾರದಿತ್ತನ ಚಿಗವ್ವಾ? ಗ್ವಾಡಿ ಮ್ಯಾಲಿಂದಾರ ಒಂದು ಮಾತು?"

ಕಸಬರಿಗೆ ಹಿಡಿದು ನಿಂತಿದ್ದ ನೆಗೆಣ್ಣಿ ನನ್ನ ಕಡೆ ನೋಡಿದಳು. ಒಂದೇ ಸಲ. ಕೂಸು ನನ್ನ ತೋಳಿನಲ್ಲಿ ಚೀರುತ್ತಿತ್ತು. ಆಮೇಲೆ ಆಕೆ ಮಗಳ ಕಡೆ ತಿರುಗಿ, "ತಪ್ಪಾತವ್ವ" ಎಂದಳು. ಅಷ್ಟೇ. ನನ್ನ ಯಜಮಾನರು ಬೆಕ್ಕನ್ನು ಹಳೆಯ ಸೀರೆಯಲ್ಲಿ ಸುತ್ತಿ ಕಾಲುವೆಯ ದಂಡೆಗೆ ಒಯ್ದು ಮಣ್ಣು ಮಾಡಿ ಬಂದರು.

ಅಂದಿನಿಂದ ಕೂಸನ್ನು ಮಲಗಿಸುವುದು ಕಷ್ಟವಾಯಿತು. ಮಗಳು ಮಂಚದ ಕೆಳಗೆ ಬಗ್ಗಿ ನೋಡಿ, ಕಣ್ಣೊರೆಸಿಕೊಂಡು ಏಳುವುದನ್ನು ಎಷ್ಟೋ ಸಲ ಕಂಡೆ. ಪ್ರತಿ ಸಲವೂ ಹೇಳಿಬಿಡಬೇಕೆನಿಸುತ್ತಿತ್ತು. ಪ್ರತಿ ಸಲವೂ ಎರಡನೆಯ ಪಂಕ್ತಿ, ಸಾಸಿವೆ, ಬೀಗಿತಿಯ ನಗೆ ಒಂದರ ಹಿಂದೊಂದು ಬಂದು ನನ್ನ ಬಾಯಿ ಕಟ್ಟುತ್ತಿದ್ದವು.

ಐದನೆಯ ತಿಂಗಳಲ್ಲಿ ಮಗಳು ಕೂಸಿನೊಡನೆ ಗಂಡನ ಮನೆಗೆ ಹೊರಟಳು. ಹೊರಡುವ ಮುನ್ನ ಬಂಧುಗಳ ಮನೆಯಲ್ಲಿ ಉಡಿ ತುಂಬಿಸಿಕೊಂಡು ಹೋಗುವುದು ನಮ್ಮಲ್ಲಿ ರೂಢಿ. ನೆಗೆಣ್ಣಿ ತನ್ನ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದಳು. ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ; ಅದರ ಮೇಲೆ ಕೂಸಿಗೆಂದು ತಾನೇ ಹೊಲಿದ ಹಸಿರು ಕುಂಚಿಗೆ, ಅಂಚಿಗೆ ಸಣ್ಣ ಸಣ್ಣ ಕುಚ್ಚು. ಅಷ್ಟು ಕುಚ್ಚು ಕಟ್ಟಲು ಎಷ್ಟು ದಿನ ಬೇಕೆಂದು ನನಗೆ ಗೊತ್ತು. ಮಗಳು ಅತ್ತ ನೋಡದೆ ಕಾರಿನೊಳಗೆ ಕುಳಿತಳು. ನಾನು ಕೂಸಿನ ಚೀಲಗಳನ್ನು ಒಂದೊಂದಾಗಿ ಒಳಗಿಡುತ್ತಿದ್ದೆ. ಎರಡು ಮಾತಿನಲ್ಲಿ ಸರಿಪಡಿಸಬಹುದಾದ ಘಳಿಗೆ ಅದು. ಕಾರು ಹೋದ ಮೇಲೂ ಆಕೆ ಸ್ವಲ್ಪ ಹೊತ್ತು ತಟ್ಟೆ ಹಿಡಿದೇ ನಿಂತಿದ್ದಳು.

ಮುಂದೆ ಮೂರು ನಾಲ್ಕು ತಿಂಗಳು ಕಳೆದವು. ಈಚೆಗೆ ಒಂದು ಬೆಳಿಗ್ಗೆ ಮಗಳು ಫೋನಿನಲ್ಲಿ, ಕೂಸು ಅಂಗಳಕ್ಕೆ ಬಂದ ಯಾರದೋ ಬೆಕ್ಕಿನ ಹಿಂದೆ ತೆವಳಿಕೊಂಡು ಹೋಯಿತೆಂದು ನಗುತ್ತ ಹೇಳಿದಳು. ನಗುತ್ತಲೇ, "ನಮ್ಮದಿದ್ದಿದ್ರ..." ಎಂದಳು. ಆಗ ಹೇಳಿದೆ.

"ನಿಮ್ಮ ಚಿಗವ್ವ ಹೇಳಿದ್ಲು. ಮೊದಲss ಹೇಳಿದ್ಲು, ಗ್ವಾಡಿ ಮ್ಯಾಲಿಂದ."

"ಮತ್ತ ನೀ? ನಿನಗ ಕೇಳಿಸಿದ್ದಿಲ್ಲನ ಅವ್ವಾ?"

"ಕೇಳಿಸಿತ್ತು."

ಫೋನು ಕಟ್ಟಾಯಿತು. ಬಟ್ಟೆ ಒಣಹಾಕಲು ಹಿತ್ತಿಲಿಗೆ ಹೋದೆ. ಹೆಚ್ಚು ಹೊತ್ತಾಗಿರಲಿಲ್ಲ, ಗೋಡೆಯಾಚೆ ಫೋನು ರಿಂಗಾಯಿತು. ನೆಗೆಣ್ಣಿಯ ದನಿ ಮೊದಲು ಮೆಲ್ಲಗಿತ್ತು, ಆಮೇಲೆ ಏರಿತು.

"ಅಳಬ್ಯಾಡ, ಹುಚ್ಚಿ... ಇಲ್ಲವ್ವ, ನಿಮ್ಮವ್ವಗ ಏನೂ ಅನ್ನಬ್ಯಾಡ. ಕೂಸಿಗೆ ನೀರು ಹಾಕಾಕತ್ತಿದ್ಲು. ಆ ನೀರಿನ ಸಪ್ಪಳದಾಗ ಏನ್ ಕೇಳಿಸ್ತೈತಿ? ಆಕಿ ಸುಮ್ನ ತನ್ನ ಮ್ಯಾಲ ಹಾಕ್ಕೊಳಾಕತ್ತಾಳ."

ನಾನು ಒದ್ದೆ ಬಟ್ಟೆಯನ್ನು ಹಗ್ಗದ ಮೇಲೆ ಬಿಟ್ಟು ಗೋಡೆಯ ಹತ್ತಿರ ಹೋದೆ.

"ಕೇಳಿಸಿತ್ತು" ಎಂದೆ.

ಆಕೆ ತಿರುಗಿ ನೋಡಿದಳು. ಫೋನು ಕಿವಿಯಿಂದ ಕೆಳಗಿಳಿಯಿತು. ಅದರೊಳಗಿನಿಂದ ಮಗಳ ದನಿ "ಚಿಗವ್ವಾ, ಚಿಗವ್ವಾ" ಎನ್ನುತ್ತಲೇ ಇತ್ತು.

"ಅವತ್ತ ನನಗ ಎಲ್ಲಾ ಕೇಳಿಸಿತ್ತು."

"ನನಗ ಗೊತ್ತಿತ್ರಿ ಯಕ್ಕಾರ" ಎಂದಳು ಆಕೆ. ಫೋನನ್ನು ಮತ್ತೆ ಕಿವಿಗಿಟ್ಟುಕೊಂಡು ಒಳಗೆ ಹೋದಳು.