ಬರ್ ದುಬೈ ಬಸ್ಸಿನಿಂದ ಜಪಾನಿನ ಹಬ್ಬಕ್ಕೆ

ಬಸ್ ಸ್ಟಾಪಿಗೆ ಬಾಗಿಲಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ದುಬೈಗೆ ಬಂದ ನಾಲ್ಕನೆಯ ದಿನ, ಆಗಸ್ಟ್ ತಿಂಗಳ ಬಿಸಿಲಿನಲ್ಲಿ, ರಸ್ತೆಬದಿಯ ಒಂದು ಗಾಜಿನ ಕೋಣೆಯ ಹೊರಗೆ ಇಪ್ಪತ್ತು ನಿಮಿಷ ನಿಂತಿದ್ದೆ. ಒಳಗೆ ಐದಾರು ಜನ ಸಾಲಾಗಿ ಕೂತಿದ್ದರು. ಯಾವುದೋ ಆಫೀಸು, ಇವರೆಲ್ಲ ಇಂಟರ್ವ್ಯೂಗೆ ಬಂದವರು ಎಂದುಕೊಂಡೆ. ಚಪ್ಪಲಿ ದಾಟಿ ನೆಲದ ಬಿಸಿ ಪಾದಕ್ಕೆ ತಾಗುತ್ತಿತ್ತು. ಕೊನೆಗೆ ಬಿಳಿ ಗಡ್ಡದ ಒಬ್ಬ ಪಠಾಣ ಎದ್ದು ಬಂದು ಬಾಗಿಲು ಸರಿಸಿ, "ಅಂದರ್ ಆವೊ ಬೆಹೆನ್, ಎಸಿ ಹೈ" ಎಂದ. ಒಳಗೆ ಕಾಲಿಟ್ಟೆ. ಫ್ರಿಜ್ಜಿನೊಳಗೆ ಹೋದ ಹಾಗಾಯಿತು. ಅದು ಬಸ್ ಸ್ಟಾಪು.

ನಾನು ಉಡುಪಿ ಹತ್ತಿರದ ಶಿರ್ವದವಳು. ವಯಸ್ಸು ನಲವತ್ತೊಂದು, ಮದುವೆಯಾಗಿಲ್ಲ, ಎಕ್ಸ್‌ರೇ ತೆಗೆಯುವುದು ನನ್ನ ಕೆಲಸ. ನಮ್ಮ ಕಡೆಯ ಬಸ್ಸಿನಲ್ಲಿ ಬಾಯಿ ಇದ್ದರೆ ಸಾಕು, ಊರು ಮುಟ್ಟಬಹುದು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ "ಕಟಪಾಡಿ, ಕಟಪಾಡಿ" ಎಂದು ಕೂಗುತ್ತಾನೆ, ನಾವು ಹತ್ತಿದ ಮೇಲೆ "ರೈಟ್ ಪೋಯಿ" ಅನ್ನುತ್ತಾನೆ, ಎಲ್ಲಿ ಇಳಿಯಬೇಕೆಂದು ನಮಗಿಂತ ಚೆನ್ನಾಗಿ ಅವನಿಗೇ ನೆನಪಿರುತ್ತದೆ. ಇಲ್ಲಿ ಕಂಡಕ್ಟರೇ ಇಲ್ಲ. ನೋಲ್ ಎಂಬ ಒಂದು ಕಾರ್ಡು. ಹತ್ತುವಾಗ ಯಂತ್ರಕ್ಕೆ ಮುಟ್ಟಿಸಬೇಕು, ಇಳಿಯುವಾಗಲೂ ಮುಟ್ಟಿಸಬೇಕು. ಮುಂದಿನ ಸೀಟುಗಳು ಹೆಂಗಸರಿಗೆ. ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಮೊದಲ ವಾರ ನಾನು ತಪ್ಪು ಬಸ್ಸು ಹತ್ತಿ ಅಲ್ ಕೂಜ್‌ಗೆ ಹೋಗಿಬಿಟ್ಟೆ. ಎಲ್ಲಿ ನೋಡಿದರೂ ಗೋದಾಮು, ವರ್ಕ್‌ಶಾಪು, ಕಾರ್ಮಿಕರ ವಸತಿ, ಕಿಟಕಿಗಳಲ್ಲಿ ಒಣಹಾಕಿದ ನೀಲಿ ಅಂಗಿಗಳು. ಅದೇ ಬಸ್ಸಿನಲ್ಲಿ ಕೂತು ವಾಪಸು ಬಂದೆ.

ನಾನು ಬಾಡಿಗೆಗಿದ್ದದ್ದು ಬರ್ ದುಬೈಯಲ್ಲಿ, ಉಳ್ಳಾಲದ ನಫೀಸಕ್ಕನ ಫ್ಲಾಟಿನ ಒಂದು ಕೋಣೆಯಲ್ಲಿ. ಹಳೆಯ ದುಬೈ ಅದು. ಬಟ್ಟೆ ಅಂಗಡಿಗಳು, ಸೇವಂತಿಗೆ ಮಾಲೆ ಮಾರುವ ಓಣಿ, ಅದನ್ನು ದಾಟಿದರೆ ಸಮುದ್ರ ಒಳನುಗ್ಗಿ ಊರನ್ನು ಎರಡು ಮಾಡಿದ ಖಾಡಿ, ಖಾಡಿಯಲ್ಲಿ ಅಬ್ರಾ ಎಂಬ ಮರದ ದೋಣಿಗಳು. ನಫೀಸಕ್ಕನಿಗೆ ಇಲ್ಲಿ ಹತ್ತೊಂಬತ್ತು ವರ್ಷ. ನಾನು ಅಲ್ ಕೂಜ್ ಕಥೆ ಹೇಳಿದಾಗ ಅವರು ನಕ್ಕು ನಕ್ಕು ಸುಸ್ತಾದರು.

"ಬಸ್ಸಲ್ಲಿ ಒಂದು ಹೆಂಗಸು ಮಾತಾಡ್ತಾಳಲ್ಲ, ಅದನ್ನು ಕೇಳ್ಲಿಕ್ಕಿಲ್ವಾ ಮಾರಾಯ್ತಿ?"

"ಅದು ಅರಬ್ಬಿಯಲ್ವಾ?"

"ಅಲ್ ಮಹತ್ತಾ ಅಲ್ ಖಾದಿಮಾ ಅಂದ್ರೆ ಮುಂದಿನ ಸ್ಟಾಪು ಅಂತ. ಅದ್ರ ನಂತರ ಬರುವುದೇ ಊರಿನ ಹೆಸ್ರು. ಅಷ್ಟು ಕೇಳಿದ್ರೆ ಖಲಾಸ್, ಮುಗೀತು."

ನಾನು ಕಲಿತ ಮೊದಲ ಅರಬ್ಬಿ ವಾಕ್ಯ ಅದು.

ಬಂದು ಆರು ವಾರವಾಗಿತ್ತು. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಅಣ್ಣನ ಫೋನು ಬಂತು. ಮಾಯ್ ಹೋದಳು ಎಂದ. ಮಾಯ್ ಎಂದರೆ ಅಮ್ಮ. ಹಿಂದಿನ ದಿನ ಒಣಮೀನಿನ ಸಾರು ಮಾಡಿ ಉಂಡವಳು, ಬೆಳಿಗ್ಗೆ ಏಳಲಿಲ್ಲ. ನನ್ನ ವೀಸಾದ ಕೆಲಸ ಅರ್ಧದಲ್ಲಿತ್ತು. ಈಗ ದೇಶ ಬಿಟ್ಟರೆ ಎಲ್ಲವೂ ಮೊದಲಿನಿಂದ, ಕೆಲಸ ಉಳಿಯುತ್ತದೆಂಬ ಖಾತ್ರಿಯೂ ಇಲ್ಲ ಎಂದು ನಾನು ಕೆಲಸಕ್ಕೆ ಸೇರಿದ ಕ್ಲಿನಿಕ್ಕಿನವರು ಮೆಲ್ಲಗೆ ಹೇಳಿದರು. ಅಣ್ಣನಿಗೆ ತಿಳಿಸಿದೆ. ಅವನು, "ಬರಬೇಡ. ಮೊಬೈಲಲ್ಲಿ ತೋರಿಸ್ತೇವೆ" ಎಂದ.

ಮರುದಿನ ಊರಿನ ನಾಲ್ಕು ಗಂಟೆಗೆ ಮಣ್ಣು. ಇಲ್ಲಿಗೆ ಅದು ಎರಡೂವರೆ. ಎರಡು ಗಂಟೆಗೆ ಕ್ಲಿನಿಕ್ಕಿನಿಂದ ಬಿಟ್ಟರು. ನಮ್ಮ ಕ್ಲಿನಿಕ್ಕು ಇರುವುದು ದೇರಾದಲ್ಲಿ, ಖಾಡಿಯ ಆ ಬದಿಗೆ. ಮನೆ ತಲುಪಿ ಕೋಣೆಯ ಬಾಗಿಲು ಹಾಕಿಕೊಂಡು ನೋಡುವುದೆಂದು ಲೆಕ್ಕ ಹಾಕಿದ್ದೆ. ಬಸ್ಸು ತಡವಾಯಿತು. ಹಾಗಾಗಿ ನನ್ನ ತಾಯಿಯ ಅಂತ್ಯಕ್ರಿಯೆಯನ್ನು ನಾನು ಬಸ್ಸಿನ ಹೆಂಗಸರ ಸೀಟಿನಲ್ಲಿ ಕೂತು ಅಂಗೈಯಷ್ಟು ಪರದೆಯಲ್ಲಿ ನೋಡಿದೆ. ಪೆಟ್ಟಿಗೆಯನ್ನು ಇಗರ್ಜಿಯಿಂದ ಹೊರಗೆ ತಂದರು. ಅಣ್ಣ ಮುಂದಿನ ಹಿಡಿಗೆ ಕೈ ಕೊಟ್ಟಿದ್ದ. ಕೊಂಕಣಿಯ ಹಾಡು ಇಯರ್‌ಫೋನಿನಲ್ಲಿ ಕೇಳುತ್ತಿತ್ತು, ನನ್ನ ತುಟಿಯೂ ಅಲ್ಲಾಡುತ್ತಿತ್ತು. ಗುಂಡಿಯ ಬಳಿ ಪಾದ್ರಿ ನೀರು ಚಿಮುಕಿಸಲು ಕೈಯೆತ್ತಿದರು. ಅಷ್ಟರಲ್ಲಿ ಬಸ್ಸು ಖಾಡಿಯ ಕೆಳಗಿನ ಸುರಂಗಕ್ಕೆ ಇಳಿಯಿತು. ಚಿತ್ರ ಅಲ್ಲಿಗೇ ನಿಂತಿತು, ಪಾದ್ರಿಯ ಕೈ ಎತ್ತಿದಲ್ಲೇ. ಸುರಂಗದ ಆಚೆ ಬೆಳಕಿಗೆ ಬಂದು ಚಿತ್ರ ಮತ್ತೆ ಚಲಿಸಿದಾಗ ಜನ ಕೈಯ ಮಣ್ಣು ಕೊಡವಿಕೊಂಡು ಚದುರುತ್ತಿದ್ದರು.

ಆಗ ಪಕ್ಕದಿಂದ ಒಂದು ಸಣ್ಣ ಕೈಟವೆಲು ನನ್ನ ಮಡಿಲಿಗೆ ಬಂತು, ನಾಲ್ಕು ಮಡಿಕೆ ಮಾಡಿದ್ದು. ನೋಡಿದರೆ ಬೆಳ್ಳಿಕೂದಲಿನ ಒಬ್ಬ ಹೆಂಗಸು, ಚೀನಾದವರೋ ಜಪಾನಿನವರೋ ತಿಳಿಯಲಿಲ್ಲ. ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ. "ಮದರ್?" ಎಂದು ಕೇಳಿದರು. ತಲೆಯಾಡಿಸಿದೆ. ಅವರು ತೊಡೆಯ ಮೇಲಿದ್ದ ಪುಸ್ತಕ ಪಕ್ಕಕ್ಕಿಟ್ಟು, ಎರಡೂ ಕೈ ಜೋಡಿಸಿ, ನನ್ನ ಮೊಬೈಲಿನ ಕಡೆಗೆ ತಲೆ ಬಾಗಿಸಿದರು. ಆ ಹೊತ್ತಿಗೆ ಪರದೆಯಲ್ಲಿ ಇದ್ದದ್ದು ಕೆಂಪು ಮಣ್ಣಿನ ಒಂದು ದಿಬ್ಬ ಮಾತ್ರ.

ಅವರು ಆ ಪುಸ್ತಕವನ್ನು ಮತ್ತೆ ತೆರೆಯಲಿಲ್ಲ. ಕೊನೆಯ ಸ್ಟಾಪಿನಲ್ಲಿ ನನ್ನ ಜೊತೆಗೇ ಇಳಿದು, ಬಸ್ ನಿಲ್ದಾಣದ ಪಕ್ಕದ ಕೆಫೆಟೇರಿಯಾದಲ್ಲಿ ಕರಕ್ ತೆಗೆಸಿಕೊಟ್ಟರು. ಕರಕ್ ಎಂದರೆ ಹಾಲು ಕುದಿಸಿ ಕುದಿಸಿ ಮಾಡುವ ಗಟ್ಟಿ ಚಹಾ. ಹೆಸರು ಹರುಕೊ, ಊರು ಕ್ಯೋಟೊ. ಮಗಳಿಗೆ ಇಲ್ಲಿ ಕೆಲಸ, ಇವರು ಜೊತೆಗೆ ಬಂದವರು. ಮಗಳು ಆಫೀಸಿಗೆ ಹೋದ ಮೇಲೆ ಏನು ಮಾಡುವುದೆಂದು ದಿನಕ್ಕೊಂದು ಬಸ್ಸು ಹತ್ತಿ, ಮೊದಲ ಸ್ಟಾಪಿನಿಂದ ಕೊನೆಯ ಸ್ಟಾಪಿನವರೆಗೆ ಹೋಗಿ, ಕಂಡದ್ದನ್ನು ಆ ಪುಸ್ತಕದಲ್ಲಿ ಚಿತ್ರ ಬರೆಯುತ್ತಿದ್ದರು. ಗಾಳಿ ಹಿಡಿಯುವ ಗೋಪುರವಿರುವ ಹಳೆಯ ಮನೆಗಳು, ಅಬ್ರಾ, ಬಸ್ಸಿನಲ್ಲಿ ನಿದ್ದೆ ಹೋದ ಕೂಲಿಗಳು, ಎಲ್ಲ ಇದ್ದವು ಅದರಲ್ಲಿ. ಇಬ್ಬರದೂ ಹರಕು ಇಂಗ್ಲಿಷು. ಹಾಗಾಗಿಯೇ ಇಬ್ಬರಿಗೂ ನಾಚಿಕೆಯಾಗಲಿಲ್ಲ.

ನನಗೆ ಶುಕ್ರವಾರ ರಜೆ. ಆಮೇಲೆ ಎಷ್ಟೋ ಶುಕ್ರವಾರ ಅವರ ಜೊತೆ ಬಸ್ಸು ಸುತ್ತಿದೆ. ಹರುಕೊ ಸಾನ್ ಎಂದು ಕರೆಯಬೇಕೆಂದು ಕಲಿತೆ. ಸಾನ್ ಎಂದರೆ ನಾವು ಹೆಸರಿಗೆ ಸೇರಿಸುವ 'ಅವರು' ಇದ್ದ ಹಾಗೆ. ಕ್ಯೋಟೊ ಕೂಡ ಹಳೆಯ ಊರು, ಅಲ್ಲಿಯೂ ಜನ ದೇವಸ್ಥಾನಗಳಿಗೆ ಬಸ್ಸಿನಲ್ಲೇ ಓಡಾಡುತ್ತಾರಂತೆ. ಹಿಂದಿನ ಬಾಗಿಲಿನಿಂದ ಹತ್ತಿ ಮುಂದಿನ ಬಾಗಿಲಿನಿಂದ ಇಳಿಯುವುದು, ಟಿಕೇಟಿನ ದುಡ್ಡು ಇಳಿಯುವಾಗ ಹಾಕುವುದು.

"ಡ್ರೈವರ್ ಮೈಕಿನಲ್ಲಿ ಪ್ರತಿಯೊಬ್ಬರಿಗೂ ಧನ್ಯವಾದ ಹೇಳುತ್ತಾನೆ," ಎಂದರು.

"ನಮ್ಮಲ್ಲಿ ಬೇಗ ಇಳೀರಿ ಅಂತ ಬಯ್ಯುತ್ತಾರೆ," ಎಂದೆ. ಅವರಿಗೆ ಅದು ಬಹಳ ಹಿಡಿಸಿತು.

ಒಮ್ಮೆ ಜಪಾನಿ ಭಾಷೆಯಲ್ಲಿ ಅಮ್ಮನಿಗೆ ಏನನ್ನುತ್ತಾರೆಂದು ಕೇಳಿದೆ. ಕರೆಯುವಾಗ ಒಕಾಸಾನ್, ಬೇರೆಯವರ ಬಳಿ ತನ್ನ ತಾಯಿಯ ಬಗ್ಗೆ ಹೇಳುವಾಗ ಹಹ ಎಂದರು. ನನಗೆ ಆಶ್ಚರ್ಯ. ನಮ್ಮ ಕೊಂಕಣಿಯಲ್ಲೂ ಹಾಗೆಯೇ. ಕರೆಯುವಾಗ ಮಾಯ್, ಬೇರೆಯವರಿಗೆ ಹೇಳುವಾಗ ಆವಯ್. ಹೇಳಿ ಮುಗಿಸಿದ ಮೇಲೆ ಹೊಳೆಯಿತು, ಇನ್ನು ನನಗೆ ಉಳಿದಿರುವುದು ಆ ಎರಡನೆಯ ಶಬ್ದ ಮಾತ್ರ.

ನವೆಂಬರಿನಲ್ಲಿ ಅವರು ನನ್ನನ್ನು ಒಂದು ಹಬ್ಬಕ್ಕೆ ಕರೆದರು. ಓಬೋನ್ ಎಂದು ಹೆಸರು. ಸತ್ತುಹೋದ ಹಿರಿಯರು ವರ್ಷಕ್ಕೊಮ್ಮೆ ಮನೆಗೆ ಬರುವ ಹಬ್ಬವಂತೆ. ಅವರಿಗಾಗಿ ದೀಪ ಹಚ್ಚಿ, ಸುತ್ತ ನಿಂತು ಕುಣಿಯುತ್ತಾರೆ. ಆಮೇಲೆ ಕ್ಯೋಟೊದ ಬೆಟ್ಟಗಳ ಮೇಲೆ ಬೆಂಕಿಯಿಂದ ದೊಡ್ಡ ದೊಡ್ಡ ಅಕ್ಷರ ಬರೆದು ಅವರನ್ನು ಕಳಿಸಿಕೊಡುತ್ತಾರೆ. ಜಪಾನಿನಲ್ಲಿ ಇದು ಆಗಸ್ಟಿನಲ್ಲಿ. ದುಬೈಯ ಆಗಸ್ಟಿನಲ್ಲಿ ಬಯಲಿನಲ್ಲಿ ಕುಣಿದರೆ ಕುಣಿದವರೂ ಸತ್ತವರ ಜೊತೆ ಸೇರಬೇಕಾಗುತ್ತದೆ. ಅದಕ್ಕೆ ಇಲ್ಲಿಯ ಜಪಾನಿನವರು ಚಳಿ ಬರುವವರೆಗೆ ಕಾಯುತ್ತಾರೆ. "ಸತ್ತವರೂ ಕಾಯುತ್ತಾರೆ," ಎಂದು ಹರುಕೊ ಸಾನ್ ನಕ್ಕರು. ಆಮೇಲೆ ನಗು ನಿಲ್ಲಿಸಿ, "ನಿಮ್ಮ ತಾಯಿಗೆ ಇದು ಮೊದಲ ವರ್ಷ. ಮೊದಲ ವರ್ಷದ ಹಬ್ಬ ಮುಖ್ಯ. ನೀವು ಬರಬೇಕು" ಎಂದರು.

ನನಗೆ ಒಳಗೊಳಗೆ ಹಿಂಜರಿಕೆ. ನವೆಂಬರು ನಮಗೂ ಸತ್ತವರ ತಿಂಗಳೇ. ಊರಿನಲ್ಲಾದರೆ ಸಮಾಧಿಗೆ ಸುಣ್ಣ ಬಳಿದು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತೇವೆ. ನಾನು ಇಲ್ಲಿಯ ಚರ್ಚಿನಲ್ಲಿ ಪೂಜೆಗೆ ಮಾಯ್‌ಯ ಹೆಸರು ಕೊಟ್ಟಾಗಿತ್ತು. ಈಗ ಇನ್ನೊಬ್ಬರ ಹಬ್ಬದಲ್ಲಿ ಕುಣಿಯುವುದೇ? ಅದೂ ತಾಯಿ ಸತ್ತು ಎರಡು ತಿಂಗಳಿಗೆ? ನಫೀಸಕ್ಕನನ್ನು ಕೇಳಿದೆ. ಅವರು ಮೀನು ತೊಳೆಯುತ್ತಿದ್ದರು.

"ಸತ್ತವರಿಗೆ ಡ್ಯಾನ್ಸಾ?" ಎಂದು ಕೈ ನಿಲ್ಲಿಸಿದರು. ಮತ್ತೆ ಮೀನಿಗೆ ಕೈ ಹಾಕಿ, "ನಾವು ಕುರಾನಿನ ಯಾಸೀನ್ ಓದ್ತೇವೆ, ನಿಮ್ಮದು ಕ್ಯಾಂಡಲ್, ಅವರದ್ದು ಕುಣಿತ. ನಿಂಗೆ ಹೇಗೂ ಆವತ್ತು ಸರಿಯಾಗಿ ಅಳ್ಲಿಕ್ಕೂ ಆಗ್ಲಿಲ್ಲ. ಹೋಗಿ ಬಾ ವಿಲ್ಮಾ. ಬಂದು ನಂಗೆ ಎಲ್ಲ ಹೇಳ್ಬೇಕು, ಆಯ್ತಾ?" ಎಂದರು.

ಹಬ್ಬ ನಡೆಯುವುದು ಊರಾಚೆಯ ಒಂದು ಶಾಲೆಯ ಮೈದಾನದಲ್ಲಿ. ಹರುಕೊ ಸಾನ್ ಮಗಳ ಜೊತೆ ಮೊದಲೇ ಹೋಗಿದ್ದರು. ನಾನು ಒಬ್ಬಳೇ ಎರಡು ಬಸ್ಸು ಬದಲಾಯಿಸಿ ಹೋದೆ. ಬಸ್ಸು ಮತ್ತೆ ಆ ಅಲ್ ಕೂಜ್ ಮೂಲಕವೇ ಹಾದುಹೋಯಿತು. ಕಿವಿಗೊಟ್ಟು ಕೂತು, ಮುಂದಿನ ಸ್ಟಾಪಿನ ಹೆಸರು ಅರಬ್ಬಿಯಲ್ಲಿ ಕೇಳಿದ ಕೂಡಲೇ, ಇಂಗ್ಲಿಷಿಗೆ ಕಾಯದೆ ಎದ್ದು ನಿಂತೆ. ಯಾರಿಗೂ ಅದು ಕಾಣಲಿಲ್ಲ. ನನಗೆ ಮಾತ್ರ ಪದವಿ ಸಿಕ್ಕಷ್ಟು ಖುಷಿಯಾಯಿತು.

ಸೂರ್ಯ ಮುಳುಗುವ ಹೊತ್ತು. ಮೈದಾನದ ನಡುವೆ ಮರದ ಅಟ್ಟಣೆ, ಅದರ ಮೇಲೆ ಪೀಪಾಯಿಯಷ್ಟು ದೊಡ್ಡ ಡೋಲು. ಅಟ್ಟಣೆಯಿಂದ ಎಲ್ಲ ದಿಕ್ಕಿಗೂ ಕೆಂಪು ಕಾಗದದ ಗೂಡುದೀಪಗಳ ಸಾಲು. ಒಂದು ಕಡೆ ಮಕ್ಕಳು ಐಸ್ ಹೆರೆದು ಬಣ್ಣದ ಪಾಕ ಹಾಕಿದ್ದನ್ನು ತಿನ್ನುತ್ತಿದ್ದರು. ನಮ್ಮ ಇಗರ್ಜಿಯ ವಾರ್ಷಿಕ ಸಾಂತ್‌ಮಾರಿ ಹಬ್ಬದ ಐಸ್ ಗೋಲಾವೇ ಕಪ್ಪಿನಲ್ಲಿ ಬಂದು ಕೂತಂತಿತ್ತು. ಹರುಕೊ ಸಾನ್ ನನಗೆಂದು ಒಂದು ಯುಕಾತಾ ತಂದಿದ್ದರು. ಅದು ನೀಲಿ ಹೂಗಳ ತೆಳ್ಳನೆಯ ಹತ್ತಿಯ ನಿಲುವಂಗಿ. ಗುಂಡಿ ಇಲ್ಲ, ಸೊಂಟಕ್ಕೆ ಸುತ್ತಿ ಪಟ್ಟಿ ಕಟ್ಟುವುದು. ಸೀರೆ ಉಡುವವಳಿಗೆ ಇದೇನು ಕಷ್ಟ ಎಂದು ನಾನೇ ಸುತ್ತಿಕೊಂಡೆ. ಹರುಕೊ ಸಾನ್ ಕಂಡವರೇ ಓಡಿಬಂದು ಅದನ್ನು ಬಿಡಿಸಿದರು. ಅವರ ಕೈ ಅಷ್ಟು ಅವಸರ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಎಡಗಡೆಯದು ಮೇಲೆ ಬರಬೇಕು. ಬಲಗಡೆಯದು ಮೇಲೆ ಬಂದರೆ ಅದು ಸತ್ತವರಿಗೆ. ಸತ್ತವರಿಗೆ ಮಾತ್ರ ಹಾಗೆ ಉಡಿಸುತ್ತೇವೆ."

ಅವರು ಸರಿಮಾಡಿ ಪಟ್ಟಿ ಬಿಗಿಯುತ್ತಿದ್ದಾಗ ನನಗೆ ಥಟ್ಟನೆ ಕೇಳಬೇಕೆನಿಸಿತು: ಮಾಯ್‌ಗೆ ಯಾವ ಸೀರೆ ಉಡಿಸಿದರು? ಮೊಬೈಲಿನಲ್ಲಿ ಪೆಟ್ಟಿಗೆ ಮಾತ್ರ ಕಂಡಿತ್ತು, ಮುಚ್ಚಿದ್ದು. ಇಷ್ಟು ದಿನ ನಾನು ಯಾರನ್ನೂ ಕೇಳಿರಲಿಲ್ಲ, ಕೇಳಬೇಕೆಂದು ಹೊಳೆದೂ ಇರಲಿಲ್ಲ.

ಡೋಲು ಶುರುವಾಯಿತು. ಕುಣಿತ ಸುಲಭ. ಮೂರು ಹೆಜ್ಜೆ ಮುಂದೆ, ಒಂದು ಹಿಂದೆ, ಕೈಯಲ್ಲಿ ಏನನ್ನೋ ತೋಡಿ ಹೆಗಲ ಆಚೆ ಎಸೆದಂತೆ, ಒಂದು ಚಪ್ಪಾಳೆ. ಅದು ಗಣಿಯವರ ಹಾಡಂತೆ, ಕಲ್ಲಿದ್ದಲು ಅಗೆದು ಹಿಂದಕ್ಕೆ ಹಾಕುವುದನ್ನೇ ಕುಣಿಯುವುದು. ಅಗೆ, ಅಗೆ, ಹೆಗಲಾಚೆ ಹಾಕು. ಮುದುಕಿಯರು, ಕಂಪನಿಯ ದೊಡ್ಡ ಸಾಹೇಬರು, ನೋಡಲು ಬಂದ ಫಿಲಿಪಿನೊ ಹುಡುಗಿಯರು, ಎಲ್ಲರೂ ಒಂದೇ ಸುತ್ತಿನಲ್ಲಿ. ಎರಡನೆಯ ಸುತ್ತಿಗೆ ನನ್ನ ಕೈಗೆ ಅಭ್ಯಾಸವಾಯಿತು. ಮೂರನೆಯ ಸುತ್ತಿನಲ್ಲಿ ಮಣ್ಣು ಕೈಯಲ್ಲಿ ಹಿಡಿದಂತೆಯೇ ಅನ್ನಿಸಿತು. ಸುರಂಗದಲ್ಲಿ ನನಗೆ ತಪ್ಪಿಹೋದ ಒಂದು ಹಿಡಿ ಮಣ್ಣು. ಕುಣಿಯುತ್ತಲೇ ಅತ್ತೆ. ಯಾರೂ ನನ್ನನ್ನು ತಡೆಯಲಿಲ್ಲ. ಮುಂದಿದ್ದ ಹರುಕೊ ಸಾನ್ ಒಮ್ಮೆ ತಿರುಗಿ ನೋಡಿ, ಹೆಜ್ಜೆ ತಪ್ಪಿಸದೆ ಮುಂದೆ ಹೋದರು.

ಮರುದಿನ ಬೆಳಿಗ್ಗೆ ಅತ್ತಿಗೆಗೆ ಫೋನ್ ಮಾಡಿ ಕೇಳಿದೆ. "ನೇರಳೆ ಬಣ್ಣದ್ದು, ಸಣ್ಣ ಅಂಚಿನದ್ದು. ನೀನು ಕೆಲಸಕ್ಕೆ ಸೇರಿದ ವರ್ಷ ತಂದದ್ದಲ್ವಾ? ಅದನ್ನೇ ಉಡಿಸ್ಬೇಕು ಅಂತ ಮೊದ್ಲೇ ಹೇಳಿಟ್ಟಿದ್ರು," ಎಂದಳು. ನಾವಿಬ್ಬರೂ ಅಷ್ಟು ಹೊತ್ತು ಮಾತನಾಡಿದ್ದು ಅದೇ ಮೊದಲು. ಅತ್ತಿಗೆ ಸ್ನಾನ ಮಾಡಿಸಿದ್ದು, ತಲೆ ಬಾಚಿದ್ದು, ಜಪಸರ ಕೈಗೆ ಸುತ್ತಿದ್ದು ಎಲ್ಲ ಹೇಳಿದಳು. ನಫೀಸಕ್ಕ ಬಾಗಿಲಲ್ಲಿ ನಿಂತು ಕೇಳುತ್ತಾ ಕಣ್ಣೊರೆಸಿಕೊಂಡರು.

ಮಾರ್ಚ್ ಕೊನೆಗೆ ಹರುಕೊ ಸಾನ್‌ರ ಮಗಳಿಗೆ ವರ್ಗವಾಯಿತು, ಅವರು ಕ್ಯೋಟೊಗೆ ಮರಳಿದರು. ಕೊನೆಯ ಶುಕ್ರವಾರ ಬಸ್ಸು ಬೇಡವೆಂದು ಅಬ್ರಾದಲ್ಲಿ ಕೂತು ಖಾಡಿಯನ್ನು ನಾಲ್ಕು ಸಲ ದಾಟಿದೆವು. ದೋಣಿಯವನು ನಮ್ಮಿಬ್ಬರನ್ನೂ ನೋಡಿ, ಇವರಿಗೆ ಯಾವ ದಡ ಬೇಕೋ ತಿಳಿಯದು ಎಂಬಂತೆ ಬಂಗಾಳಿಯಲ್ಲಿ ಏನೋ ಹೇಳಿ ನಕ್ಕ. ಅವರು ಇಳಿದು ಹೋದ ಮೇಲೆ ಬರ್ ದುಬೈ ನನಗೆ ಕೆಲವು ವಾರ ಮತ್ತೆ ಪರವೂರಾಯಿತು.

ಸೆಪ್ಟೆಂಬರಿನಲ್ಲಿ ವರ್ಷದ ಪೂಜೆಗೆ ಊರಿಗೆ ಹೋದೆ. ಪೂಜೆ ಮುಗಿದು ಎಲ್ಲರೂ ಚಹಾಕ್ಕೆ ಹೋದ ಮೇಲೆ ಅಣ್ಣನೂ ನಾನೂ ಸಮಾಧಿಯ ಬಳಿ ಉಳಿದೆವು. ಅಣ್ಣ ಅದಕ್ಕೆ ಗ್ರಾನೈಟ್ ಹಾಕಿಸುವವನಿದ್ದ. ಕಲ್ಲಿನ ಅಳತೆಯ ಚೀಟಿ ಕಿಸೆಯಿಂದ ತೆಗೆದು ತುಂಬ ಹೊತ್ತು ಅದನ್ನೇ ನೋಡುತ್ತಿದ್ದ.

"ಕುಟುಂಬದ್ದೇ ಸಮಾಧಿ ಅಂತ ಮಾಡಿಸ್ತೇನೆ," ಎಂದ. "ನಂಗೆ, ನಿನ್ನ ಅತ್ತಿಗೆಗೆ ಜಾಗ ಆಯ್ತು. ನಿಂಗೂ ಇಲ್ಲೇ ಜಾಗ ಇಡ್ಲಾ ಅಂತ ಕೇಳ್ಬೇಕಿತ್ತು."

ದುಬೈಯಲ್ಲಿ ಇಷ್ಟು ದೂರದ ಪ್ರಶ್ನೆಯನ್ನು ನನ್ನ ಬಳಿ ಯಾರೂ ಕೇಳಿದ್ದಿಲ್ಲ. ಅಲ್ಲಿ ಎಲ್ಲರ ಲೆಕ್ಕವೂ ಎರಡೆರಡು ವರ್ಷದ್ದು.

"ಅದು ಈಗ ಹೇಗೆ ಹೇಳ್ಲಿ?" ಎಂದೆ. "ಮುಂದಿನ ವರ್ಷ ನಂದು ವೀಸಾ ರಿನ್ಯೂವಲ್ ಉಂಟು."

ಅಣ್ಣ ನನ್ನ ಮುಖ ನೋಡಿದ. ಮೊದಲು ಅವನಿಗೆ ನಗು ಬಂತು, ಆಮೇಲೆ ನನಗೂ. ಸಮಾಧಿಗಳ ನಡುವೆ ನಿಂತು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹುಲ್ಲು ಕತ್ತರಿಸುತ್ತಿದ್ದವನು ಕತ್ತಿ ನಿಲ್ಲಿಸಿ ನಮ್ಮನ್ನೇ ನೋಡಿದ. ನಗು ಇಳಿದ ಮೇಲೆ ಅಣ್ಣ ಚೀಟಿಯನ್ನು ಮಡಚಿ ಕಿಸೆಗೆ ಹಾಕಿಕೊಂಡು ಗೇಟಿನ ಕಡೆ ನಡೆದ.

ನಾನು ಹಿಂದಿನಿಂದ ಕರೆದೆ. "ಆದ್ರೂ ಜಾಗ ಇಟ್ಟಿರು," ಎಂದೆ.